ಕಿಟಕಿ ಪಕ್ಕದ ಸೀಟು

ವಿಮಾನದಲ್ಲಿ ನನ್ನ ಡಬಲ್ ಬೇಸ್‌ಗೂ ಒಂದು ಪೂರ್ತಿ ಟಿಕೇಟು.
ಹೆಸರು? ಎಂದಳು ಡೆಟ್ರಾಯ್ಟಿನ ಕೌಂಟರಿನ ಹುಡುಗಿ.
ಓರ್ವಿಲ್ ಟೇಟ್, ಎಂದೆ.
ಸತ್ತು ಹನ್ನೊಂದು ವರ್ಷ. ವಾದ್ಯ ಅವನದು,
ಅವನ ಹೆಂಡತಿಗೆ ಇನ್ನೂ ಮೂರು ಕಂತು ಬಾಕಿ.
ಹುಡುಗಿ ನಗದೆ ಟೈಪು ಮಾಡಿದಳು.
ಕಿಟಕಿ ಪಕ್ಕ ಅವನು, ನಡುವೆ ನಾನು,
ಈಚೆ ಬಾಯಿ ತೆರೆದು ಮಲಗಿದ ಒಬ್ಬ ದಂತವೈದ್ಯ.
ಅಟ್ಲಾಂಟಿಕ್ ಮೇಲೆ ಓರ್ವಿಲ್‌ಗೂ ಊಟ ಬಂತು.
ಇಬ್ಬರದೂ ನಾನೇ ತಿಂದೆ.

ಇದು ಜುಲೈ ಮಾತು. ಅದಕ್ಕೂ ಮೊದಲು
ಮಿಷಿಗನ್ನಿನ ಉತ್ತರಕ್ಕೆ, ಸರೋವರದ ದಂಡೆಯಲ್ಲಿ
ಹಲಗೆ ಕೊಠಡಿಗಳ ಬೇಸಿಗೆ ಶಿಬಿರ.
ಹದಿನೆಂಟು ಮಕ್ಕಳು, ನಾಲ್ಕು ಬೇಸು,
ಒಂದರ ಕುದುರೆ ಮುರಿದಿದೆ.
ಶ್ರುತಿ ಬಿಡದೆ ಹಾಡಿದ್ದು ಸೊಳ್ಳೆಗಳು ಮಾತ್ರ.
ಬೆಳಿಗ್ಗೆ ಎಂಟಕ್ಕೆ ನನ್ನದೊಂದೇ ಪಾಠ:
ನಡೆಯಿರಿ. ಬೇಸ್ ಅಂದರೆ ನಡಿಗೆ.
ಬಾಡಿಗೆ ಕೊಡಲು ಹೊರಟವನದಲ್ಲ,
ಕೊಟ್ಟು ಮುಗಿಸಿ ಬರುವವನ ನಡಿಗೆ.
ನಾಲ್ಕು ಹೆಜ್ಜೆ. ಮತ್ತೆ ನಾಲ್ಕು.

ಹ್ಯಾಮ್‌ಟ್ರ್ಯಾಮಿಕ್‌ನ ಇಬ್ತಿಸಾಮ್, ಹದಿನಾಲ್ಕು ವರ್ಷ,
ವಾದ್ಯಕ್ಕಿಂತ ಒಂದು ಗೇಣು ಕುಳ್ಳಿ.
ಅವಳ ಮೂರನೆಯ ಹೆಜ್ಜೆ ಸದಾ ತಡ.
ಕೂದಲೆಳೆಯಷ್ಟು. ಆದರೆ ಸದಾ.
ಮುಂದೆ ಹೋದ ತಾಳ ನಿಂತು
ಹಿಂತಿರುಗಿ ನೋಡುವಂತೆ.
ಮೆಟ್ರೊನೋಮ್ ಇಟ್ಟೆ. ಚಪ್ಪಾಳೆ ತಟ್ಟಿದೆ.
ಅವಳ ಬೂಟಿನ ತುದಿಯನ್ನು ನನ್ನ ಬೂಟಿನಿಂದ ಒತ್ತಿದೆ.
ಎರಡು ವಾರ.
ಅದು ಬರೋದೇ ಅಲ್ಲಿ ಮಿಸ್, ಎಂದಳು,
ಬಸ್ಸಿನ ವೇಳೆ ಹೇಳುವಂತೆ.
ಕೊನೆಯ ದಿನ ವರದಿಯಲ್ಲಿ ಬರೆದೆ:
ಸ್ವರಜ್ಞಾನ ಚೆನ್ನಾಗಿದೆ. ಲಯ ಸುಧಾರಿಸಬೇಕು.

ಆಮೇಲೆ ವ್ಯಾನು. ಬ್ರೇಮೆನ್ನಿನ ನೆಲಮಾಳಿಗೆ,
ಗ್ದಾನ್ಸ್ಕ್‌ನಲ್ಲಿ ಹಡಗುಕಟ್ಟೆಯ ಪಕ್ಕ ಒದ್ದೆ ಡೇರೆ,
ಡ್ರಮ್ಮಿನ ಯಾರೊಸ್ಲಾವ್‌ಗೆ ಹಲ್ಲುನೋವು
(ದಂತವೈದ್ಯನ ಕಾರ್ಡು ಯಾಕೆ ಇಸಿದುಕೊಳ್ಳಲಿಲ್ಲ ನಾನು).
ನುಡಿಸಿದ್ದು ಹೊಸದು, ಏಳು ಭಾಗದ್ದು,
ಚಳಿಗಾಲವಿಡೀ ಅಡುಗೆಮನೆಯಲ್ಲಿ ಕೂತು ಬರೆದದ್ದು.
ಐದನೆಯ ಭಾಗ ಮಾತ್ರ
ಪ್ರತಿ ಊರಿನಲ್ಲೂ ಹೆಣದಂತೆ ಬಿದ್ದುಕೊಂಡಿತು.
ಎಲ್ಲ ಸ್ವರವೂ ಸರಿಯಾದ ಜಾಗದಲ್ಲಿ.
ಜನ ಆಗಲೇ ಬೀರು ತರಲು ಏಳುತ್ತಿದ್ದರು.

ನಾರ್ವೆಯ ಉತ್ತರದ ಒಂದು ದ್ವೀಪ.
ಒಣಮೀನಿನ ಗೋದಾಮು, ಬೆಂಚುಗಳು, ನಲವತ್ತು ಜನ.
ರಾತ್ರಿ ಹನ್ನೊಂದೂವರೆ, ಸೂರ್ಯ ಇನ್ನೂ ಬಾಗಿಲಲ್ಲಿ.
ಜಾಜ್‌ಗೆ ಕತ್ತಲೆ ಬೇಕು ಅಂದುಕೊಂಡಿದ್ದೆ ಇಷ್ಟು ವರ್ಷ.
ಇಲ್ಲಿ ಎಲ್ಲರ ಮುಖವೂ ಕಾಣುತ್ತದೆ,
ಆಕಳಿಕೆಯೂ.
ಐದನೆಯ ಭಾಗ. ಒಂದು, ಎರಡು,
ಕೈ ನಿಂತಿತು.
ನಾನು ನಿಲ್ಲಿಸಿದ್ದಲ್ಲ.
ಯಾರೊಸ್ಲಾವ್ ತಲೆಯೆತ್ತಿದ.
ಪಿಯಾನೋದ ಗುನ್‌ಹಿಲ್ ಬೆರಳನ್ನು ಗಾಳಿಯಲ್ಲೇ ಇಟ್ಟಳು.
ಆ ಕೂದಲೆಳೆಯಷ್ಟು ಜಾಗದಲ್ಲಿ
ಹೊರಗೆ ಒಂದು ಕಡಲಹಕ್ಕಿ, ಯಾರದೋ ದೋಣಿಯ ಮೋಟಾರು,
ಆಮೇಲೆ ಮೂರನೆಯ ಹೆಜ್ಜೆ.
ಎಲ್ಲರೂ ಅದರ ಮೇಲೆ ಕಾಲಿಟ್ಟೆವು.

ಮುಗಿದ ಮೇಲೆ ಮೀನು ತೂಗುವ ಮುದುಕ ಬಂದ.
ಮೊದಲ ಸಲ, ಎಂದ, ನೀವು ತಪ್ಪಿದಿರಿ ಅಂದುಕೊಂಡೆ.
ಎರಡನೆಯ ಸಲ ಸಿಟ್ಟು ಬಂತು.
ಆಮೇಲೆ ನಾನೂ ಕಾಯತೊಡಗಿದೆ.
ಕೈಕುಲುಕಿದ. ನನ್ನ ಅಂಗೈಗೆ ಉಪ್ಪು ಅಂಟಿತು,
ಬೆರಳ ತುದಿಯ ಬಿರುಕಿನಲ್ಲಿ ಉರಿಯಿತು.

ಶಿಬಿರಕ್ಕೆ ಪತ್ರ ಬರೆದೆ, ಆ ವರದಿಯ ಒಂದು ಸಾಲು
ದಯವಿಟ್ಟು ಹೊಡೆದುಹಾಕಿ ಎಂದು.
ಕಚೇರಿ ಮುಚ್ಚಿದೆ, ಮುಂದಿನ ಮೇ ತಿಂಗಳಲ್ಲಿ ಸಂಪರ್ಕಿಸಿ
ಎಂದು ಯಂತ್ರದ ಉತ್ತರ.
ಇಬ್ತಿಸಾಮ್‌ಳ ವಿಳಾಸ ನನ್ನಲ್ಲಿಲ್ಲ.
ಹಸ್ತಪ್ರತಿಯ ಐದನೆಯ ಭಾಗದ ನೆತ್ತಿಯಲ್ಲಿ
ಪೆನ್ಸಿಲಿನಿಂದ ಅವಳ ಹೆಸರು ಬರೆದೆ. ಕಾಗುಣಿತ ಸರಿಯೋ ತಿಳಿಯದು.

ಸೆಪ್ಟೆಂಬರ್ ಒಂಬತ್ತಕ್ಕೆ ಶ್ರೀಮತಿ ಟೇಟ್ ಮನೆ.
ತಡವಾಯಿತು, ಎಂದೆ.
ಅವಳು ನೋಟು ಎಣಿಸುತ್ತಿದ್ದಳು, ತುಟಿ ಅಲ್ಲಾಡಿಸುತ್ತ.
ನಡುವೆ ತಲೆಯೆತ್ತಿ,
ಓರ್ವಿಲ್‌ಗೆ ಕಿಟಕಿ ಕೊಟ್ಟೆಯಾ? ಎಂದಳು.
ಕೊಟ್ಟೆ, ಎಂದೆ.
ಲೆಕ್ಕ ತಪ್ಪಿತು.
ಮೊದಲಿನಿಂದ ಎಣಿಸತೊಡಗಿದಳು.